ನರಿ ಎಂದರೆ ಹುಲಿ, ಕೊಪಿ ಎಂದರೆ ಕೋಸು: ಒಂದು ಪದದ ಬೇರು ಹಿಡಿಯುವ ಕ್ರಮ

ಕೊಡವರಲ್ಲಿ ‘ನರಿ ಮಂಗಲ’ ಎಂಬ ಹಳೆಯ ಆಚರಣೆಯೊಂದಿತ್ತು. ಬಿಸಿಲು ಮಳೆ ಒಟ್ಟಿಗೆ ಬಂದರೆ ‘ಕಾಗೆಗೂ ನರಿಗೂ ಮದುವೆ’ ಎನ್ನುವುದನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಹೆಸರು ಕಿವಿಗೆ ಬಿದ್ದರೆ ಮಕ್ಕಳ ಕಥೆಯ ನೆನಪಾಗಬಹುದು. ಆದರೆ ಅದು ಹುಲಿ ಕೊಂದವನಿಗೆ ಊರವರು ಮಾಡುತ್ತಿದ್ದ ಮರ್ಯಾದೆ. ಕೊಡವರ ನುಡಿಯಾದ ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಅಕ್ಷರ ಅದೇ, ಉಲಿ (ಕಿವಿಗೆ ಕೇಳುವ ಸದ್ದು) ಅದೇ, ಬೇರೂ ಅದೇ, ಪ್ರಾಣಿ ಮಾತ್ರ ಬೇರೆ.

ಕೊಡಗಿನಲ್ಲಿ ಇಂಥ ಪದಗಳಿಗೆ ಬರವಿಲ್ಲ. ಕೊಡವ ತಕ್ಕ್, ಅರೆಭಾಷೆ (ಇಲ್ಲಿಯ ಗೌಡರ ಕನ್ನಡ), ಕನ್ನಡ, ಮಲಯಾಳ, ತುಳು, ತಮಿಳು, ಯರವ ಮತ್ತು ಕುರುಬರ ನುಡಿಗಳು ಎಲ್ಲವೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಒಂದು ಪದ ಹಲವು ನುಡಿಗಳಲ್ಲಿ ಯಾವ ಯಾವ ಅರ್ಥ ಪಡೆದಿದೆ, ಎಲ್ಲಿಂದ ಬಂದಿದೆ ಎಂದು ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಶಾಲೆಯ ಮಕ್ಕಳ ಕೈಯಲ್ಲೂ ಮಾಡಿಸಬಹುದಾದ ಈ ಕೆಲಸದ ಕ್ರಮ ಇಲ್ಲಿದೆ. ಉದ್ದಕ್ಕೂ ನೆನಪಿಡಬೇಕಾದದ್ದು ಒಂದೇ: ಕಿವಿಗೆ ಒಂದೇ ಎನಿಸಿದ ಎರಡು ಪದಗಳು ಒಂದೇ ಆಗಿರಬೇಕಾಗಿಲ್ಲ, ಬೇರೆ ಎನಿಸಿದವು ಬೇರೆಯಾಗಿರಬೇಕಾಗಿಯೂ ಇಲ್ಲ.

ಬೇಕಾಗುವ ಸಾಮಾನು

ಗೆರೆಯಿಲ್ಲದ ಎ4 ಹಾಳೆ ಒಂದು ಇಪ್ಪತ್ತು, ಪೆನ್ಸಿಲ್, ಧ್ವನಿ ದಾಖಲಿಸುವ ಮೊಬೈಲ್, ಹತ್ತು ಹದಿನೈದು ಚಿತ್ರಗಳು (ಪ್ರಾಣಿ, ಹಣ್ಣು, ಪಾತ್ರೆ, ತಿಂಡಿ ಇಂಥವು). ಜೊತೆಗೆ ಮೂರು ನಿಘಂಟುಗಳು. ಒಂದು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು. ಎರಡು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು. ಮೂರು, ಬರೋ ಮತ್ತು ಎಮೆನೋ ಅವರ, ಪದಗಳ ಬೇರು ತಿಳಿಸುವ ದ್ರಾವಿಡ ವ್ಯುತ್ಪತ್ತಿ ನಿಘಂಟು. ಇದರ ಎರಡನೇ ಆವೃತ್ತಿ ಬಂದದ್ದು 1984ರಲ್ಲಿ. ಈ ಮೂರನೆಯದನ್ನು ಶಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕಾಸಿಲ್ಲದೆ ಹುಡುಕಬಹುದು.

ಹೆಜ್ಜೆ 1: ಪದವನ್ನು ಆರಿಸುವುದು

ಊರಿನ ಹೆಸರಿನಿಂದ ಶುರು ಮಾಡಬೇಡಿ. ಎಲ್ಲರಿಗೂ ಮೊದಲು ಕೈ ಹೋಗುವುದು ಅಲ್ಲಿಗೇ, ಕೈ ಸುಡುವುದೂ ಅಲ್ಲೇ. ಸ್ಥಳನಾಮಕ್ಕೆ ಹಳೆಯ ಶಾಸನದ ರೂಪ ಬೇಕು. ಅದಿಲ್ಲದಿದ್ದರೆ ಪುರಾಣದ ಕಥೆಯನ್ನೇ ವ್ಯುತ್ಪತ್ತಿ ಎಂದು ಬರೆದು ಮುಗಿಸಬೇಕಾಗುತ್ತದೆ.

ಅಡುಗೆಮನೆ, ತೋಟ, ಗದ್ದೆ, ಕಾಡಿಗೆ ಸೇರಿದ ಪದ ಆರಿಸಿ. ಮೂರು ಜಾತಿಯ ಪದಗಳಿವೆ, ಪ್ರತಿಯೊಂದಕ್ಕೂ ದಾರಿ ಬೇರೆ. ನರಿ, ಕಿವಿ, ಹೆಣ್ಣು ಇಂಥವು ನೆಲದ ಪದಗಳು. ಇವನ್ನು ಅಕ್ಕಪಕ್ಕದ ನುಡಿಗಳಲ್ಲಿ ಹುಡುಕಬೇಕು. ಕಾಪಿ, ಪಗಾರ, ಪೆನ್ನು ಇಂಥವು ಹೊರಗಿನಿಂದ ಬಂದವು. ಇವನ್ನು ಬಂದರು, ವ್ಯಾಪಾರ, ಆಡಳಿತದ ದಾರಿಯಲ್ಲಿ ಹುಡುಕಬೇಕು. ನಾರಂಗಿಯಂಥವು ಇಲ್ಲಿಂದ ಹೊರಟು ಲೋಕ ಸುತ್ತಿದವು. ಮೊದಲ ಸಲ ಮಾಡುವವರು ನೆಲದ ಪದವನ್ನೇ ಆರಿಸಿಕೊಂಡರೆ ಸುಲಭ.

ಹೆಜ್ಜೆ 2: ಬಾಯಿಂದ ಸಂಗ್ರಹಿಸುವುದು

ನಿಘಂಟನ್ನು ಮೊದಲು ತೆರೆಯಬೇಡಿ. ಅದರಲ್ಲಿ ನೋಡಿದ ಅರ್ಥ ತಲೆಯಲ್ಲಿ ಕುಳಿತುಬಿಟ್ಟರೆ ಎದುರಿಗಿನವರ ಬಾಯಿಂದ ಅದೇ ಅರ್ಥ ಬರುವಂತೆ ಪ್ರಶ್ನೆ ಕೇಳುತ್ತೀರಿ.

ಒಂದೊಂದು ನುಡಿಗೆ ಕನಿಷ್ಠ ಮೂವರು ಬೇಕು, ಅವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರಾಗಿರಲಿ. ಹೆಸರಿಗಿಂತ ಮುಖ್ಯವಾಗಿ ಬರೆದುಕೊಳ್ಳಬೇಕಾದ ನಾಲ್ಕು ವಿಷಯಗಳಿವೆ: ಊರು, ವಯಸ್ಸು, ಮನೆಮಾತು, ಬರುವ ಬೇರೆ ಮಾತುಗಳು. ಊರು ಏಕೆಂದರೆ, ಸೋಮವಾರಪೇಟೆ–ಶನಿವಾರಸಂತೆ ಕಡೆಯ ಮಾತಿಗೂ ಪೊನ್ನಂಪೇಟೆ–ಕುಟ್ಟ ಕಡೆಯ ಮಾತಿಗೂ ನೆರೆಹೊರೆ ಬೇರೆ. ಕುಟ್ಟ, ಮಾಕುಟ್ಟದ ಕಡೆ ಮಲಯಾಳದ ಗಾಳಿ ಹೆಚ್ಚು. ಸಂಪಾಜೆಯ ಕಡೆ ಅರೆಭಾಷೆಯದೂ ತುಳುವಿನದೂ.

ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಕೇಳಬೇಕು. ಮೊದಲು ಚಿತ್ರ ತೋರಿಸಿ: ‘ಅಜ್ಜ, ಇದಕ್ಕೆ ನಿಮ್ಮ ಮಾತಲ್ಲಿ ಏನಂತೀರಿ?’ ಆಮೇಲೆ, ಸ್ವಲ್ಪ ಹೊತ್ತು ಬೇರೆ ಮಾತಾಡಿ, ಪದವನ್ನೇ ಹೇಳಿ: ‘ನರಿ ಅಂದ್ರೆ ಯಾವ ಪ್ರಾಣಿ ಅಂತ ಸ್ವಲ್ಪ ಹೇಳಿ, ಹೇಗಿರುತ್ತೆ, ಏನು ತಿನ್ನುತ್ತೆ?’ ಎರಡೂ ಉತ್ತರ ತಾಳೆಯಾದರೆ ಮಾತ್ರ ಅರ್ಥ ಗಟ್ಟಿ. ಪದ ಹೇಳಿ ಅರ್ಥ ಕೇಳಿ ಸುಮ್ಮನಾದರೆ, ಕನ್ನಡದಲ್ಲಿ ಕೇಳಿದವರಿಗೆ ಕನ್ನಡದ ಅರ್ಥವನ್ನೇ ಹೇಳಿ ಕಳಿಸಿಬಿಡುತ್ತಾರೆ. ಅದು ಅವರ ಸೌಜನ್ಯ, ನಿಮ್ಮ ಹಾಳೆಗೆ ನಷ್ಟ.

ಪದವನ್ನು ಬಿಡಿಯಾಗಿ ಬರೆದುಕೊಳ್ಳಬೇಡಿ, ವಾಕ್ಯದೊಳಗೆ ಹಿಡಿಯಿರಿ. ಗಾದೆ, ಬೈಗುಳ, ಹಾಡಿನ ಸಾಲು, ಹಬ್ಬದ ಹೆಸರು ಇವುಗಳಲ್ಲಿ ದಿನಬಳಕೆ ಬಿಟ್ಟುಕೊಟ್ಟ ಅರ್ಥ ಉಳಿದಿರುತ್ತದೆ. ಮುಂದೆ ಬರುವ ಪುತ್ತರಿಯೇ ಇದಕ್ಕೆ ಸಾಕ್ಷಿ.

ಸಂಬಂಧದ ಮಾತುಗಳಲ್ಲಿ ಎಚ್ಚರವಿರಲಿ. ಕೊಡವರಲ್ಲಿ ಅಮ್ಮನನ್ನು ‘ಅವ್ವ’ ಎನ್ನುತ್ತಾರೆ, ‘ತಾಯಿ’ ಎಂದರೆ ಅಜ್ಜಿ. ‘ಇದನ್ನು ನನ್ನ ತಾಯಿ ಹೇಳುತ್ತಿದ್ದರು’ ಎಂದು ಒಬ್ಬರು ಕೊಡವ ತಕ್ಕ್‌ನಲ್ಲಿ ಹೇಳಿದರೆ, ನಿಮ್ಮ ಮಾಹಿತಿ ಒಂದು ತಲೆಮಾರು ಹಿಂದಕ್ಕೆ ಹೋಯಿತು ಎಂದು ಲೆಕ್ಕ.

ಮೊಬೈಲನ್ನು ಮಾತಾಡುವವರಿಂದ ಒಂದು ಗೇಣು ದೂರ, ಬಟ್ಟೆಯ ಮೇಲೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೂ ತಗಡಿನ ಮೇಲೂ ಬೀಳುವ ಮಳೆಯ ಸದ್ದು ‘ಪ’ ಮತ್ತು ‘ಫ’ಗಳ ವ್ಯತ್ಯಾಸವನ್ನು ನುಂಗಿಹಾಕುತ್ತದೆ, ಹಾಗಾಗಿ ಒಳಕೋಣೆಯಲ್ಲಿ ಕೂರಿ. ಪದವನ್ನು ಮೂರು ಸಲ ಹೇಳಿಸಿ. ಮೊದಲನೆಯದು ನಿಮಗಾಗಿ ತಿದ್ದಿ ಹೇಳಿದ್ದು, ಎರಡನೆಯದರಲ್ಲಿ ತಿದ್ದು ಸ್ವಲ್ಪ ಸಡಿಲ, ಮೂರನೆಯದು ನಿಜವಾದದ್ದು. ‘ಕಾಫಿ’ ಎಂದು ಶುರು ಮಾಡಿದವರು ಮೂರನೇ ಸಲಕ್ಕೆ ‘ಕಾಪಿ’ಗೆ ಬಂದಿರುತ್ತಾರೆ.

ಹೆಜ್ಜೆ 3: ಉಲಿಯನ್ನು ಬರೆದುಕೊಳ್ಳುವುದು

ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿಗೆ ಸಿಗದ ಸ್ವರಗಳಿವೆ. ‘ಪೊಣ್ಣ್’, ‘ಪಾಲ್’ ಎಂದು ಕೊನೆಗೆ ಅರ್ಧಾಕ್ಷರ ಹಾಕಿ ಬರೆಯುವುದು ರೂಢಿ. ಆದರೆ ಅಲ್ಲಿ ತುಟಿ ದುಂಡಾಗದ ಒಂದು ಮೊಟಕು ‘ಉ’ ಇದೆ. ತುಳು ಮಾತಾಡುವವರಿಗೆ ಇದು ಹೊಸತಲ್ಲ, ಅವರ ನುಡಿಯಲ್ಲೂ ಇದೆ. ಅದನ್ನು ಗುರುತಿಸಲು ಅಕ್ಷರದ ಕೆಳಗೆ ಒಂದು ಗೆರೆ ಎಳೆಯಿರಿ. ಯಾವ ಗುರುತಾದರೂ ಸರಿ, ಇಪ್ಪತ್ತು ಹಾಳೆಗೂ ಅದೇ ಗುರುತು ಇರಲಿ.

ಹೊರಗಿನ ಪದಗಳಿಗೆ ಬಂದಾಗ ಲಿಪಿ ಇನ್ನೊಂದು ರೀತಿಯಲ್ಲಿ ಮೋಸ ಮಾಡುತ್ತದೆ. ಅರಬ್ಬಿಯಲ್ಲಿ ಎರಡು ‘ಕ’ಗಳಿವೆ: ಗಂಟಲಿನ ಆಳದಿಂದ ಬರುವ ‘ಕಾಫ಼್’ ಒಂದು, ನಮ್ಮ ಕಕಾರದಂಥದ್ದು ಇನ್ನೊಂದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಆಳದ ‘ಕ’ಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಹಾಕಿಟ್ಟುಕೊಳ್ಳಿ. ಈ ಚುಕ್ಕೆಯೊಂದರಿಂದಲೇ ಕಾಪಿಯ ಎರಡು ಬೇರುಗಳು ಬಿಡಿಸಿಕೊಳ್ಳುತ್ತವೆ, ಅದನ್ನು ಐದನೇ ಹೆಜ್ಜೆಯಲ್ಲಿ ನೋಡೋಣ.

ಹೆಜ್ಜೆ 4: ಉಲಿಯ ನಿಯಮದಿಂದ ಪರೀಕ್ಷಿಸುವುದು

ಇಡೀ ಕೆಲಸದ ಬೆನ್ನೆಲುಬು ಇದು. ಸಂಬಂಧವಿರುವ ನುಡಿಗಳ ನಡುವೆ ಉಲಿಗಳು ಮನಸ್ಸಿಗೆ ಬಂದಂತೆ ಬದಲಾಗುವುದಿಲ್ಲ, ಸಾಲುಸಾಲಾಗಿ ಬದಲಾಗುತ್ತವೆ. ಒಂದು ಪದದಲ್ಲಿ ಕಂಡ ಬದಲಾವಣೆ ಅಂಥದೇ ಹತ್ತು ಪದಗಳಲ್ಲಿ ಕಾಣಬೇಕು. ಕಾಣದಿದ್ದರೆ ನಿಮ್ಮ ಜೋಡಿ ಅನುಮಾನದ್ದು.

ಕೊಡಗಿಗೆ ಅತ್ಯಂತ ಉಪಯುಕ್ತವಾದ ನಿಯಮ ಪಕಾರ–ಹಕಾರದ್ದು. ಹಳಗನ್ನಡದ ಪದಾದಿಯ ‘ಪ’ ಸುಮಾರು ಹತ್ತನೇ ಶತಮಾನದಿಂದ ‘ಹ’ ಆಗುತ್ತ ಬಂತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು. ಕೊಡವ ತಕ್ಕ್, ತಮಿಳು, ಮಲಯಾಳಗಳು ಆ ಪಕಾರವನ್ನು ಹಾಗೇ ಉಳಿಸಿಕೊಂಡಿವೆ. ಕೊಡವರಿಗೆ ಹಾಲು ‘ಪಾಲ್’, ಹಾವು ‘ಪಾಂಬ್’. ತುಳುವಿನ ಹುಲಿ ‘ಪಿಲಿ’.

ಈಗ ಕೊಡವರ ಸುಗ್ಗಿ ಹಬ್ಬಕ್ಕೆ ಬನ್ನಿ. ಕನ್ನಡದಲ್ಲಿ ‘ಹುತ್ತರಿ’ ಎಂದು ಬರೆಯುತ್ತೇವೆ. ಕನ್ನಡದ ಕಿವಿಗೆ ಅದರಲ್ಲಿ ‘ಹುತ್ತ’ ಕೇಳಿಸುತ್ತದೆ, ಅಲ್ಲಿಂದ ಹಾವು, ನಾಗಪೂಜೆ ಎಂದು ಕಥೆ ಕಟ್ಟುವುದು ಸುಲಭ. ಹಕಾರವನ್ನು ಪಕಾರಕ್ಕೆ ತಿರುಗಿಸಿ ನೋಡಿ: ಪುತ್ತರಿ. ‘ಪುದಿಯ’ ಎಂದರೆ ಹೊಸ, ‘ಅರಿ’ ಎಂದರೆ ಅಕ್ಕಿ, ಎರಡೂ ಸೇರಿ ಹೊಸ ಅಕ್ಕಿ. ಮಲಯಾಳದಲ್ಲೂ ಹೊಸ ಕೊಯ್ಲಿನ ಅಕ್ಕಿಗೆ ‘ಪುತ್ತರಿ’ ಎಂದೇ ಹೆಸರು. ಕದಿರು ತೆಗೆಯುವ ಹಬ್ಬಕ್ಕೆ ಇದಕ್ಕಿಂತ ನೇರವಾದ ಹೆಸರು ಬೇಕಿಲ್ಲ. ಇನ್ನೊಂದು ಅಂಶ ಗಮನಿಸಿ: ದಿನದ ಊಟಕ್ಕೆ ಕೊಡವರು ಮಾಡುವುದು ‘ಅಕ್ಕಿ ಒಟ್ಟಿ’. ದಿನಬಳಕೆ ‘ಅಕ್ಕಿ’ಯದ್ದಾದರೂ ಹಬ್ಬದ ಹೆಸರಿನೊಳಗೆ ‘ಅರಿ’ ಭದ್ರವಾಗಿ ಉಳಿದಿದೆ.

ಎರಡನೆಯ ನಿಯಮ ಅಷ್ಟು ಪರಿಚಿತವಲ್ಲ, ಆದರೆ ಕೊಡವ ತಕ್ಕ್‌ಗೆ ಬೀಗದ ಕೈಯಂಥದ್ದು. ತುಟಿಯಿಂದ ಹುಟ್ಟುವ ವ್ಯಂಜನ (ಪ, ಬ, ಮ) ಮುಂದೆ ಇದ್ದು, ಹಿಂದೆ ನಾಲಿಗೆ ಮಡಿಸಿ ಹೇಳುವ ಟ, ಣ, ಳಗಳಿದ್ದರೆ, ನಡುವಿನ ‘ಇ’ ‘ಉ’ ಆಗುತ್ತದೆ, ‘ಎ’ ‘ಒ’ ಆಗುತ್ತದೆ. ಹಳಗನ್ನಡದ ‘ಪೆಣ್’ ಕನ್ನಡದಲ್ಲಿ ‘ಹೆಣ್ಣು’, ಕೊಡವ ತಕ್ಕ್‌ನಲ್ಲಿ ‘ಪೊಣ್ಣ್’. ಈ ಎರಡು ನಿಯಮಗಳನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೋಗಿ: ಕಡಂಬುಟ್ಟು, ನೂಪುಟ್ಟು, ಪಾಪುಟ್ಟು. ಈ ‘ಪುಟ್ಟು’ ಕನ್ನಡದಲ್ಲಿ ಏನಾಗಬೇಕು? ‘ಪ’ ‘ಹ’ ಆಗಬೇಕು, ‘ಉ’ ಹಿಂದಕ್ಕೆ ‘ಇ’ ಆಗಬೇಕು. ಬರುವುದು ‘ಹಿಟ್ಟು’. ಕೊಡಗಿನಲ್ಲಿ ಹಬೆಯಲ್ಲಿ ಬೆಂದ ತಿಂಡಿ, ಬೀಸುವ ಕಲ್ಲಿನ ಕೆಳಗೆ ಹುಡಿ, ಮಂಡ್ಯದ ಕಡೆ ಊಟಕ್ಕೆ ಕೂತರೆ ಮುದ್ದೆ. ಕೇಳಲು ದೂರ ದೂರ ಇರುವ ಈ ಪದಗಳು ಒಂದೇ ಬೇರಿನವು ಎಂದು ನಿಯಮವೇ ತೋರಿಸಿಕೊಡುತ್ತದೆ.

ಮೂರನೆಯದು ‘ಕ’ ಮತ್ತು ‘ಚ’ಗಳದು. ಇ, ಎ ಸ್ವರಗಳ ಮುಂದೆ ತಮಿಳು, ಮಲಯಾಳ, ತೆಲುಗುಗಳಲ್ಲಿ ‘ಕ’ ‘ಚ’ ಆಯಿತು. ಕನ್ನಡದ ‘ಕಿವಿ’, ಕೊಡವರ ‘ಕೆವಿ’, ತುಳುವಿನ ‘ಕೆಬಿ’ ಒಂದು ಕಡೆ. ‘ಚೆವಿ’ ಇನ್ನೊಂದು ಕಡೆ.

ಈ ನಿಯಮಗಳಿಂದ ಇನ್ನೊಂದು ಲಾಭವಿದೆ. ಇಂದಿನ ಕನ್ನಡದಲ್ಲಿ ‘ಪ’ದಿಂದ ಶುರುವಾಗಿ, ‘ಹ’ ಆಗದೆ ನಿಂತ ಪದ ಕಂಡರೆ ಅದು ಹೊರಗಿನದೇ ಎಂದು ಮೊದಲು ಅನುಮಾನಿಸಿ. ಪುಸ್ತಕ ಸಂಸ್ಕೃತದ್ದು, ಪಗಾರ ಪೋರ್ಚುಗೀಸಿನದು, ಪೆನ್ನು ಇಂಗ್ಲಿಷಿನದು. ಅನುಮಾನ ತೀರ್ಪಲ್ಲ, ಆದರೆ ಯಾವ ನಿಘಂಟು ತೆರೆಯಬೇಕೆಂದು ಹೇಳುತ್ತದೆ.

ಹೆಜ್ಜೆ 5: ಒಂದು ಉಲಿ, ಎಷ್ಟು ಬೇರು ಎಂದು ಬಿಡಿಸುವುದು

‘ಕಾಪಿ’ಯನ್ನು ತೆಗೆದುಕೊಳ್ಳಿ. ಕೊಡಗಿನ ಬಾಯಲ್ಲಿ ಈ ಒಂದು ಉಲಿಯ ಕೆಳಗೆ ಕುಡಿಯುವ ಕಾಪಿ, ಪರೀಕ್ಷೆಯಲ್ಲಿ ಹೊಡೆಯುವ ಕಾಪಿ, ಹಾಡುವ ಕಾಪಿ ರಾಗ ಮೂರೂ ಇವೆ. ದಖ್ಖನಿ ಉರ್ದು ಮಾತಾಡುವ ಮನೆಯಲ್ಲಿ ‘ಕಾಫೀ’ ಎಂದರೆ ‘ಸಾಕಷ್ಟು’. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ ಹಾಳೆಯಲ್ಲಿ ಎಲ್ಲವನ್ನೂ ಬರೆಯುವುದು. ಬೇರಿಗೊಂದು ಹಾಳೆ ಇರಬೇಕು, ಅರ್ಥಕ್ಕೊಂದಲ್ಲ. ಒಂದೇ ಬೇರಿನ ಹತ್ತು ಅರ್ಥ ಒಂದೇ ಹಾಳೆಯಲ್ಲಿರಲಿ. ಬೇರೆ ಬೇರಿನ ಒಂದೇ ಉಲಿ ಬೇರೆ ಹಾಳೆಗೆ ಹೋಗಲಿ.

ಕುಡಿಯುವ ಕಾಪಿಯ ಹಾಳೆ: ಅರಬ್ಬಿಯ ‘ಕಹ್ವಾ’. ಇದರ ‘ಕ’ ಗಂಟಲಿನದು. ಅರಬ್ಬಿ ನಿಘಂಟುಕಾರರ ಪ್ರಕಾರ ಈ ಪದಕ್ಕೆ ಮೊದಲು ದ್ರಾಕ್ಷಾರಸದ ಅರ್ಥವಿತ್ತು, ಆಮೇಲೆ ಈ ಪಾನೀಯಕ್ಕೆ ಬಂತು. ತುರ್ಕಿಗೆ ಹೋಗಿ ‘ಕಹ್ವೆ’ ಆಯಿತು. ಅಲ್ಲಿಂದ ಯೂರೋಪಿನಲ್ಲಿ ಇಟಲಿಯ ‘ಕಫೆ’, ಡಚ್ಚರ ‘ಕೋಫಿ’, ಇಂಗ್ಲಿಷಿನ ಕಾಫಿ. ಇನ್ನೊಂದು ಕೈಯಲ್ಲಿ ಸ್ವಾಹಿಲಿಯ ‘ಕಹಾವ’. ‘ಫ’ ಉಲಿ ಇಲ್ಲದ ನುಡಿಗಳಲ್ಲಿ ಅದು ‘ಪ’ ಆಗುವುದು ಸಾಮಾನ್ಯ: ತಮಿಳು ಮಲಯಾಳಗಳಲ್ಲಿ ‘ಕಾಪ್ಪಿ’, ಮಲಯದಲ್ಲಿ ‘ಕೊಪಿ’, ಕೊರಿಯಾದಲ್ಲಿ ‘ಖೊಪಿ’. ನಮ್ಮ ಬಾಯಿಯ ‘ಕಾಪಿ’ ಅಶಿಕ್ಷಿತರ ಉಚ್ಚಾರ ಎನ್ನುವವರು ಈ ಸಾಲನ್ನು ನೋಡಬೇಕು. ಅದು ನಿಯಮಬದ್ಧವಾದ ರೂಪ.

ನಕಲಿನ ಕಾಪಿಯ ಹಾಳೆ: ಲ್ಯಾಟಿನ್ನಿನ ‘ಕೋಪಿಯಾ’, ಅಂದರೆ ಸಮೃದ್ಧಿ. ಮಧ್ಯಯುಗದಲ್ಲಿ ಪ್ರತಿ ಮಾಡಿಕೊಳ್ಳುವುದು ಎಂಬ ಅರ್ಥ ಬಂದು, ಫ್ರೆಂಚಿನ ಮೂಲಕ ಇಂಗ್ಲಿಷಿಗೆ, ಅಲ್ಲಿಂದ ನಮ್ಮ ಶಾಲೆಗಳಿಗೆ. ಹಿಂದಿಯವರಿಗೆ ಇದೇ ಪದ ‘ನೋಟ್‌ಬುಕ್’.

ಸಾಕಷ್ಟು ಎಂಬ ‘ಕಾಫೀ’: ಇದೂ ಅರಬ್ಬಿಯದೇ, ಆದರೆ ನಮ್ಮ ಕಕಾರದಂಥ ‘ಕ’ದಿಂದ ಶುರುವಾಗುವ ಬೇರೆ ಧಾತು. ಮೂರನೇ ಹೆಜ್ಜೆಯ ಚುಕ್ಕೆ ಇಲ್ಲಿ ಫಲ ಕೊಟ್ಟಿತು. ರಾಗದ ಹೆಸರಿಗೆ ನಾಲ್ಕನೇ ಹಾಳೆ ತೆರೆಯಿರಿ: ಕರ್ನಾಟಕ ಸಂಗೀತದಲ್ಲಿ ಕಾಪಿ, ಹಿಂದುಸ್ತಾನಿಯಲ್ಲಿ ಕಾಫಿ, ಅಲ್ಲಿ ರಾಗಗಳ ಗುಂಪಾದ ಒಂದು ಥಾಟ್‌ಗೂ ಅದೇ ಹೆಸರು. ಪಂಜಾಬಿ ಮತ್ತು ಸಿಂಧಿಯ ಸೂಫಿ ಕವಿಗಳ ಒಂದು ಪದ್ಯಪ್ರಕಾರವೂ ‘ಕಾಫಿ’ಯೇ. ಇವುಗಳನ್ನು ಪಾನೀಯದ ಹಾಳೆಗೆ ಅಂಟಿಸಬೇಡಿ.

ಇನ್ನು ದೂರದ ನುಡಿಗಳಿಗೆ ಹೋದರೆ ಉಲಿ ಎಷ್ಟು ಮೋಸ ಮಾಡಬಲ್ಲದು ಎಂದು ತಿಳಿಯುತ್ತದೆ. ಬಂಗಾಳಿಯಲ್ಲಿ ‘ಕೊಪಿ’ ಎಂದರೆ ಕೋಸು: ‘ಫುಲ್‌ಕೊಪಿ’ ಹೂಕೋಸು, ‘ಬಾಂಧಾಕೊಪಿ’ ಎಲೆಕೋಸು. ಇದು ಪೋರ್ಚುಗೀಸರ ‘ಕೋವ್’ ಎಂಬ ಪದದಿಂದ ಬಂದದ್ದು. ಡೇನಿಶ್ ಮತ್ತು ನಾರ್ವೇಜಿಯನ್‌ನಲ್ಲಿ ‘ಕೊಪಿ’ ಎಂದರೆ ನಕಲು. ಮಲಯದಲ್ಲಿ ಕಾಫಿ. ಥಾಯ್ ಭಾಷೆಯ ‘ಕಪಿ’ ಹುದುಗಿಸಿದ ಸೀಗಡಿಯ ಗೊಜ್ಜು, ಸಂಸ್ಕೃತದ ಕಪಿ ಮಂಗ. ಜಪಾನಿನಲ್ಲಿ ‘ಕೋಹೀ’ ಕುಡಿಯುವುದು, ‘ಕೊಪೀ’ ನಕಲು. ಎರಡೂ ಯೂರೋಪಿನಿಂದ ಹೋದ ಪದಗಳೇ, ಆದರೆ ಜಪಾನೀಯರು ಅವುಗಳನ್ನು ಬೇರೆಯಾಗಿಯೇ ಉಳಿಸಿಕೊಂಡರು. ನಮ್ಮಲ್ಲಿ ಬೆರೆತುಹೋದವು.

ಇಥಿಯೋಪಿಯಾದಲ್ಲಿ ‘ಕಫಾ’ ಎಂಬ ಪ್ರದೇಶವಿದೆ, ಕಾಫಿ ಗಿಡದ ಮೂಲವೂ ಆ ದೇಶವೇ. ಆದ್ದರಿಂದ ಕಾಫಿಯ ಹೆಸರು ಅಲ್ಲಿಂದ ಬಂತು ಎಂದು ಬಹಳ ಕಡೆ ಬರೆದಿರುತ್ತಾರೆ. ಒಪ್ಪುವ ಮೊದಲು ಎರಡು ಪ್ರಶ್ನೆ ಹಾಕಿ. ಹೊರಟ ಊರಿನಲ್ಲಿ ಆ ವಸ್ತುವಿಗೆ ಆ ಹೆಸರು ಇದೆಯೇ? ಇಲ್ಲ, ಇಥಿಯೋಪಿಯಾದ ಅಮ್ಹಾರಿಕ್ ನುಡಿಯಲ್ಲಿ ಅದು ‘ಬುನ’. ಅರಬ್ಬಿಯಲ್ಲೂ ಬೀಜಕ್ಕೆ ‘ಬುನ್ನ್’. ಸೇರಿದ ನುಡಿಯಲ್ಲಿ ಆ ಪದ ವಸ್ತುವಿಗಿಂತ ಮೊದಲೇ ಇತ್ತೇ? ಇತ್ತು, ದ್ರಾಕ್ಷಾರಸದ ಅರ್ಥದಲ್ಲಿ. ಎರಡೂ ಉತ್ತರ ಪ್ರದೇಶದ ಕಥೆಗೆ ವಿರುದ್ಧವಾಗಿವೆ. ಯಾವುದೇ ಪದದ ಮೂಲದ ಕಥೆಗೆ ಇವೇ ಎರಡು ಪ್ರಶ್ನೆ ಹಾಕಬಹುದು.

ಹೆಜ್ಜೆ 6: ನಿಘಂಟನ್ನು ಓದುವುದು

ಈಗ ನಿಘಂಟು ತೆರೆಯಿರಿ. ಪರಿಷತ್ತಿನ ನಿಘಂಟಿನಲ್ಲಿ ಪ್ರತಿ ಅರ್ಥದ ಜೊತೆ ಶಾಸನ ಅಥವಾ ಕಾವ್ಯದ ಪ್ರಯೋಗ ಕೊಟ್ಟಿರುತ್ತಾರೆ, ಅದರಿಂದ ಯಾವ ಅರ್ಥ ಹಳೆಯದು ಎಂದು ತಿಳಿಯುತ್ತದೆ. ಕಿಟೆಲ್‌ನಲ್ಲಿ ಸೋದರ ನುಡಿಗಳ ರೂಪಗಳೂ ತದ್ಭವದ ಗುರುತೂ ಸಿಗುತ್ತವೆ. ನಿಘಂಟಿನಲ್ಲಿ ಪದ ಮೊದಲು ಕಾಣಿಸಿದ ವರ್ಷವನ್ನು ಪದ ಹುಟ್ಟಿದ ವರ್ಷ ಎಂದು ಬರೆಯಬೇಡಿ. 1894ರ ಪುಸ್ತಕದಲ್ಲಿದೆ ಎಂದರೆ 1894ಕ್ಕೆ ಮೊದಲೇ ಇತ್ತು ಎಂದಷ್ಟೇ ಅರ್ಥ.

ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ 5,500ಕ್ಕೂ ಹೆಚ್ಚು ನಮೂದುಗಳಿವೆ. ಕೊಡವ ತಕ್ಕ್‌ನ ರೂಪಗಳಿಗೆ ಅದು ಚಿನ್ನದ ಗಣಿ. ಎಮೆನೋ 1930ರ ದಶಕದಲ್ಲಿ ಕೊಡಗಿಗೇ ಬಂದು ನುಡಿಯನ್ನು ದಾಖಲಿಸಿದವರು. ಓದುವಾಗ ಮೂರು ಕಡೆ ಜನ ಎಡವುತ್ತಾರೆ. ‘ಕೊ.’ (Ko.) ಎಂಬ ಸಂಕ್ಷೇಪ ಕೊಡವರದ್ದಲ್ಲ, ನೀಲಗಿರಿಯ ಕೋತರದ್ದು. ಕೊಡಗಿನದು ‘ಕೊಡ್.’ (Koḍ.), ಅದರ ‘ಡ’ಕಾರದ ಕೆಳಗೆ ಚುಕ್ಕೆ ಇರುತ್ತದೆ. ಇದೊಂದು ತಪ್ಪಿದರೆ ಇಡೀ ಹಾಳೆ ಹಾಳು. ಎರಡನೆಯದಾಗಿ, ಕೊಡವ ರೂಪಗಳಲ್ಲಿ ಸ್ವರದ ಪಕ್ಕದ ಎತ್ತರದ ಚುಕ್ಕೆ ದೀರ್ಘದ ಗುರುತು, ವಿರಾಮದ್ದಲ್ಲ. ಮೂರನೆಯದಾಗಿ, ಇಂಗ್ಲಿಷ್, ಅರಬ್ಬಿ, ಪೋರ್ಚುಗೀಸಿನಿಂದ ಬಂದ ಪದಗಳನ್ನು ಇಲ್ಲಿ ಹುಡುಕಿ ಸಮಯ ಕಳೆಯಬೇಡಿ, ಅದು ದ್ರಾವಿಡ ಬೇರುಗಳ ಪುಸ್ತಕ.

ಹೆಜ್ಜೆ 7: ಅರ್ಥ ಯಾವ ಕಡೆ ಸರಿಯಿತು ಎಂದು ನೋಡುವುದು

ನರಿಗೆ ಹಿಂದಿರುಗೋಣ. ತಮಿಳು, ಕನ್ನಡಗಳಲ್ಲಿ ನರಿ ಎಂದರೆ ಊಳಿಡುವ ಪ್ರಾಣಿ. ಕೊಡವ ತಕ್ಕ್‌ನಲ್ಲಿ ಹುಲಿ. ಮಲಯಾಳದಲ್ಲಿ ಎರಡೂ ಅರ್ಥ ಉಂಟು. ಊಳಿಡುವುದನ್ನು ಬೇರೆ ಮಾಡಿ ಹೇಳಲು ‘ಕುರುನರಿ’ ಎನ್ನುತ್ತಾರೆ, ಅಂದರೆ ಚಿಕ್ಕ ನರಿ. ಒಂದು ಪದಕ್ಕೆ ‘ಚಿಕ್ಕ’ ಎಂಬ ವಿಶೇಷಣ ಸೇರಿದೆಯೆಂದರೆ ಮೂಲ ಪದವನ್ನು ಯಾವುದೋ ದೊಡ್ಡದು ಆಕ್ರಮಿಸಿದೆ ಎಂದು ಊಹಿಸಬಹುದು. ಅತ್ತ ‘ಪುಲಿ’ಯೂ ಮಲಯಾಳದಲ್ಲಿ ಸರಿದಿದೆ: ಇಂದು ಅದು ಹೆಚ್ಚಾಗಿ ಚಿರತೆ, ಹುಲಿಗೆ ‘ಕಡುವ’. ಹೀಗೆ ಒಂದು ಪದ ಜಾಗ ಬಿಟ್ಟರೆ ಪಕ್ಕದ್ದು ಬಂದು ಕೂರುತ್ತದೆ. ಆದ್ದರಿಂದ ಪದವನ್ನು ಒಂಟಿಯಾಗಿ ನೋಡದೆ ಅದರ ನೆರೆಯವರನ್ನೂ (ಹುಲಿ, ಚಿರತೆ, ನರಿ, ತೋಳ) ಒಂದೇ ಕೋಷ್ಟಕದಲ್ಲಿ ತುಂಬಿ. ಅರ್ಧ ಉತ್ತರ ಖಾಲಿ ಬಿದ್ದ ಚೌಕದಲ್ಲಿ ಸಿಗುತ್ತದೆ.

ಹೆಚ್ಚು ನುಡಿಗಳಲ್ಲಿ, ದೂರದೂರ ಹರಡಿರುವ ಅರ್ಥವೇ ಸಾಮಾನ್ಯವಾಗಿ ಹಳೆಯದು. ಆ ಲೆಕ್ಕಕ್ಕೆ ಹುಲಿಯ ಅರ್ಥ ಹೊಸತು. ಕಾಡಿನಲ್ಲಿ ಹೆದರುವ ಪ್ರಾಣಿಯ ನಿಜ ಹೆಸರು ಹಿಡಿಯದೆ ಬೇರೆ ಹೆಸರಿನಿಂದ ಕರೆಯುವ ರೂಢಿ ಲೋಕದಲ್ಲೆಲ್ಲ ಇದೆ. ರಷ್ಯನ್ನರ ಕರಡಿಯ ಹೆಸರಿಗೆ ‘ಜೇನು ತಿನ್ನುವುದು’ ಎಂಬರ್ಥ. ನರಿಗೂ ಹಾಗೇ ಆಗಿರಬಹುದೆಂಬುದನ್ನು ‘ಊಹೆ’ ಎಂಬ ತಲೆಬರಹದ ಕೆಳಗೆ ಬರೆಯಿರಿ. ಹಾಳೆಯಲ್ಲಿ ‘ಕಂಡದ್ದು’, ‘ಊಹೆ’ ಎಂದು ಎರಡು ಅಂಕಣ ಇರಲೇಬೇಕು.

ತೋಟದ ಪದಗಳಲ್ಲಿ ಅರ್ಥ ಸರಿಯುವುದನ್ನು ಇನ್ನೂ ಚೆನ್ನಾಗಿ ನೋಡಬಹುದು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು, 1854ರಲ್ಲಿ ಮಡಿಕೇರಿಯಲ್ಲಿ ಮೊದಲ ಯೂರೋಪಿಯನ್ ಕಾಫಿ ತೋಟ ಶುರುವಾಯಿತು. ಆ ತೋಟಗಳ ಜೊತೆ ಒಂದು ಹೊರೆ ಪದಗಳೂ ನೆಲೆಯಾದವು. ‘ಪಾರ್ಚ್‌ಮೆಂಟ್’ ನೋಡಿ: ಇಂದಿನ ತುರ್ಕಿಯಲ್ಲಿದ್ದ ಪೆರ್ಗಮನ್ ಪಟ್ಟಣದ ಹೆಸರಿನಿಂದ ಹುಟ್ಟಿ, ಬರೆಯಲು ಹದಮಾಡಿದ ಚರ್ಮಕ್ಕೆ ಹೆಸರಾಗಿ, ಕಾಫಿ ಬೀಜದ ಮೇಲಿನ ಚರ್ಮದಂಥ ಸಿಪ್ಪೆಗೆ ಹೆಸರಾಗಿ, ಕೊನೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದ ಕಾಫಿಗೇ ಹೆಸರಾಯಿತು. ‘ಚೆರ್ರಿ’ ಎಂದರೆ ಹೊರಗಿನವರಿಗೆ ಹಣ್ಣು. ಇಲ್ಲಿಯ ವ್ಯಾಪಾರದಲ್ಲಿ ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿದ ಕಾಫಿ. ‘ಅರೇಬಿಕಾ’ ಎಂಬುದು ಹೆಸರಿನಿಂದ ಮೂಲ ಹೇಳಲಾಗದು ಎಂಬುದಕ್ಕೆ ಉದಾಹರಣೆ: 1753ರಲ್ಲಿ ಲಿನೇಯಸ್ ಅರೇಬಿಯಾದ ಹೆಸರಿಟ್ಟ, ಗಿಡ ಆಫ್ರಿಕಾದ್ದು.

ಒಂದು ಪದ ಬೇರೆ ನಾಡಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಅದರಿಂದ ಹುಟ್ಟಿದ ಹೊಸ ಪದಗಳನ್ನು ಎಣಿಸಿ. ತುರ್ಕಿಯಲ್ಲಿ ಬೆಳಗಿನ ತಿಂಡಿ ‘ಕಹ್ವಾಲ್ತಿ’, ಕಾಫಿಗೆ ಮುಂಚಿನದು ಎಂಬರ್ಥ. ಕಂದು ಬಣ್ಣ ‘ಕಹ್ವೆರೆಂಗಿ’. ಕನ್ನಡದಲ್ಲಿ ಬಣ್ಣದ ಹೆಸರು ಹೀಗೇ ಬಂದದ್ದು ಕೊಡಗಿನ ಇನ್ನೊಂದು ಬೆಳೆಯಿಂದ, ಕಿತ್ತಳೆಯಿಂದ.

ಹೆಜ್ಜೆ 8: ದಾರಿಯ ನಕ್ಷೆ

ಕಿತ್ತಳೆ ಹಣ್ಣಿನ ಹೆಸರುಗಳನ್ನು ಲೋಕದ ನಕ್ಷೆಯ ಮೇಲೆ ನಾಲ್ಕು ಬಣ್ಣದ ಪೆನ್ಸಿಲಿನಿಂದ ಬರೆದರೆ ಅಭ್ಯಾಸಕ್ಕೆ ಸಾಕು.

ಮೊದಲ ಬಣ್ಣ ‘ನಾರಂಗ’ಕ್ಕೆ. ಸಂಸ್ಕೃತದ ನಾರಂಗ, ಫಾರಸಿಯ ‘ನಾರಂಗ್’, ಅರಬ್ಬಿಯ ‘ನಾರಂಜ್’, ಸ್ಪೇನಿನ ‘ನಾರಾಂಹ’, ಪೋರ್ಚುಗಲ್ಲಿನ ‘ಲರಾಂಜ’, ಮೊದಲ ನಕಾರ ಕಳೆದುಕೊಂಡ ಇಟಲಿಯ ‘ಅರಾಂಚ’, ಫ್ರೆಂಚರ ‘ಒರಾಂಜ್’, ಇಂಗ್ಲಿಷಿನ ಆರೆಂಜ್. ಸಂಸ್ಕೃತಕ್ಕೆ ಇದು ದ್ರಾವಿಡದಿಂದ ಹೋಯಿತೆಂಬುದು ಬಲವಾದ ಅಭಿಪ್ರಾಯ. ಮಲಯಾಳದ ‘ನಾರಂಗ’ ಇಂದು ನಿಂಬೆಯ ಬಳಗಕ್ಕೆಲ್ಲ ಸಲ್ಲುತ್ತದೆ. ‘ಚೆರುನಾರಂಗ’ ಎಂದರೆ ನಿಂಬೆ. ವಿರಾಜಪೇಟೆಯ ಅಂಗಡಿಯಲ್ಲಿ ಮಲಯಾಳದವರು ನಾರಂಗ ಕೇಳಿದರೆ ಕಿತ್ತಳೆ ಕೊಟ್ಟುಬಿಡಬೇಡಿ. ಎರಡನೇ ಬಣ್ಣ ಪೋರ್ಚುಗಲ್ ದೇಶದ ಹೆಸರಿನಿಂದ ಬಂದದ್ದಕ್ಕೆ: ಗ್ರೀಕರ ‘ಪೊರ್ತೊಕಾಲಿ’, ತುರ್ಕಿಯ ‘ಪೊರ್ತಕಾಲ್’, ಅರಬ್ಬಿಯ ‘ಬುರ್ತುಕಾಲ್’. ಸಿಹಿ ಕಿತ್ತಳೆಯನ್ನು ಅಲ್ಲಿಗೆ ಪರಿಚಯಿಸಿದ ವ್ಯಾಪಾರಿಗಳ ನೆನಪು ಅದು. ಮೂರನೆಯದು ‘ಚೀನಾದ ಸೇಬು’: ಡಚ್ಚರ ‘ಸಿನಾಸಾಪೆಲ್’, ರಷ್ಯನ್ನರ ‘ಅಪೆಲ್ಸಿನ್’. ಅರಬ್ಬಿಯಲ್ಲಿ ಮೊದಲೆರಡೂ ಇರುವುದನ್ನು ಗಮನಿಸಿ: ನಾರಂಜ್ ಹುಳಿಯದಕ್ಕೆ, ಬುರ್ತುಕಾಲ್ ಸಿಹಿಯದಕ್ಕೆ. ಒಂದು ನುಡಿಯಲ್ಲಿ ಎರಡು ಹೆಸರಿದ್ದರೆ ಎರಡು ಕಾಲದಲ್ಲಿ ಎರಡು ಹಣ್ಣು ಬಂದಿವೆಯೇ ಎಂದು ವಿಚಾರಿಸಬೇಕು.

ನಮ್ಮ ‘ಕಿತ್ತಳೆ’ ಈ ಮೂರರಲ್ಲೂ ಇಲ್ಲ. ಅದರ ನಂಟರು ತಮಿಳಿನ ‘ಕಿಚ್ಚಿಲಿ’ಯಂಥ ಹತ್ತಿರದ ರೂಪಗಳು. ಅದಕ್ಕೆ ನಾಲ್ಕನೇ ಬಣ್ಣ ಹಾಕಿ, ದಕ್ಷಿಣ ಭಾರತದಲ್ಲೇ ನಿಲ್ಲಿಸಿ.

ಹಾಳೆ ತುಂಬಿದ ಮೇಲೆ

ಮುಗಿದ ಹಾಳೆಯನ್ನು ಮಾತು ಕೊಟ್ಟವರಿಗೆ ಒಮ್ಮೆ ಓದಿ ಹೇಳಿ. ಅರ್ಧದಷ್ಟು ತಿದ್ದುಪಡಿ ಆಗ ಬರುತ್ತದೆ, ಜೊತೆಗೆ ‘ಇನ್ನೊಂದು ನೆನಪಾಯ್ತು’ ಎಂದು ಇನ್ನೆರಡು ಪದಗಳೂ ಬರುತ್ತವೆ. ಧ್ವನಿ ಕಡತಕ್ಕೆ ಪದ, ಊರು, ತಾರೀಖು ಸೇರಿಸಿ ಹೆಸರಿಡಿ. ‘ಹೊಸ ದಾಖಲೆ 14’ ಎಂಬ ಕಡತ ಆರು ತಿಂಗಳ ಮೇಲೆ ಯಾರಿಗೂ ಉಪಯೋಗಕ್ಕೆ ಬಾರದು. ಬೇರೆಯವರಿಗೆ ಕೊಡುವ ಮುನ್ನ ಮಾತು ಕೊಟ್ಟವರ ಒಪ್ಪಿಗೆ ಕೇಳಿ. ಒಂದು ಪ್ರತಿಯನ್ನು ಮಡಿಕೇರಿಯಲ್ಲಿರುವ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಗೋ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಗೋ ತಲುಪಿಸಬಹುದು.

2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಎಂದವರು 1,13,857 ಮಂದಿ. ಯುನೆಸ್ಕೋ ಅದನ್ನು ಅಪಾಯದಲ್ಲಿರುವ ನುಡಿಗಳ ಪಟ್ಟಿಯಲ್ಲಿಟ್ಟಿದೆ. ಯರವರ, ಕುರುಬರ ನುಡಿಗಳನ್ನಾಡುವವರು ಅದಕ್ಕಿಂತಲೂ ಕಡಿಮೆ. ಅರವತ್ತು ದಾಟಿದ ಆ ಒಬ್ಬರ ಮನೆಗೆ ಮೊದಲು ಹೋಗಿ, ನಿಘಂಟು ಕಪಾಟಿನಲ್ಲೇ ಇರುತ್ತದೆ.